ಮಾಳೇಶನ ಕಂಬಳಿ

“ಅವ್ವಾ, ಇದು ಅಲ್ಪಾಕಾ. ಒಂದ ಸಾಕಬಾರದಂತ. ಜೋಡಿ ಇಲ್ಲಂದ್ರ ಕೊರಗಿ ಮೇವು ಬಿಡತೈತಂತ.” ಸೋನಾಲಿ ಮೊಬೈಲಿನಲ್ಲಿ ಉದ್ದ ಕೊರಳಿನ ಉಣ್ಣೆಯ ಪ್ರಾಣಿಯನ್ನು ತೋರಿಸಿದಳು.

“ಕೊರಗಾಕ ಅಲ್ಪಾಕಾನ ಆಗಬೇಕೇನ?” ಎಂದಳು ಲಗಮವ್ವ. ಅಂಗಳದಲ್ಲಿ ಕುಂಟ ಕುರಿಮರಿ ಒಂದೇ ಮಲಗಿತ್ತು. ಮೊನ್ನೆ ಗಂಡ ಮಾಳೇಶ ಹಿಂಡು ಹೊಡಕೊಂಡು ಕೊಲ್ಲಾಪುರದಾಚೆ ಹೋಗುವಾಗ ಅದನ್ನು ಬಿಟ್ಟುಹೋಗಿದ್ದ. ಅಂದಿನಿಂದ ಅದು ಮೇವು ಮುಟ್ಟಿರಲಿಲ್ಲ. ಲಗಮವ್ವನೂ ಬೆಳಿಗ್ಗೆಯಿಂದ ರೊಟ್ಟಿ ಒಲ್ಲೆ ಅಂದಿದ್ದಳು.

ಅವಳು ಒಳಗೆ ಹೋಗಿ, ತಲೆದಿಂಬಿನಡಿ ಇಟ್ಟುಕೊಂಡಿದ್ದ ಗಂಡನ ಹಳೇ ಕಂಬಳಿ ತಂದು ಮರಿಯ ಮುಂದೆ ಹಾಸಿದಳು.

“ಎಷ್ಟ ನಾರತೈತಿ! ಒಗೀಬಾರದೇನ ಬೇ?”

“ಒಗದ್ರ ಏನ ಉಳೀತೈತಿ?”

ಮರಿ ಕಂಬಳಿಯಲ್ಲಿ ಮೂತಿ ಹುದುಗಿಸಿ ಬಹಳ ಹೊತ್ತು ಮೂಸಿತು. ಆಮೇಲೆ ಮೇವಿಗೆ ಬಾಯಿ ಹಾಕಿತು.

ಲಗಮವ್ವ ಕಂಬಳಿಯ ಇನ್ನೊಂದು ತುದಿಗೆ ಕೂತಳು.

“ಸೋನಾಲೀ, ನನ್ನ ರೊಟ್ಟೀನೂ ಇಲ್ಲೇ ತಾ.”