ಎಡದಿಂದ ಮೂರನೆಯವರು

ಖುರ್ಷಿದಾ ಕನ್ನಡಕವನ್ನು ಮೂರನೇ ಸಲ ಒರೆಸಿ ಹಾಕಿಕೊಂಡರು. ಫೋಟೋ ಮಾತ್ರ ಇನ್ನೂ ಬರಲಿಲ್ಲ. ಕಾಫಿ ಬಂತು, ಕೋಡುಬಳೆ ಬಂತು, ಕೆನ್ಮೋರ್ ಅನ್ನೋ ಈ ಪರದೇಶದ ಊರಿನ ಚಳಿಯ ಮಾತು ಬಂತು, ಮಗನ ಆಫೀಸಿನ ಗೆಳೆಯ ಸಂದೀಪನ ಮನೆ ಕಿಟಕಿಯಿಂದ ಸರೋವರ ಎಷ್ಟು ಚೆಂದ ಕಾಣುತ್ತೆ ಅನ್ನೋದೂ ಬಂತು. ಸಂದೀಪನ ತಂದೆ ದ್ವಾರಕಾನಾಥರು "ಇನ್ನೊಂದು ತಗೊಳ್ಳೀಮ್ಮಾ" ಅಂತ ಮತ್ತೆ ತಟ್ಟೆ ಮುಂದೆ ಮಾಡಿದಾಗ ಆಕೆಗೆ ತಡೆಯಲಾಗಲಿಲ್ಲ.

"ರಾಯರೇ, ನಾನು ಕೋಡುಬಳೆ ತಿನ್ನೋಕೆ ಬಂದಿಲ್ಲ. ನನಗೀಗ ಎಪ್ಪತ್ತೆರಡು. ಅಪ್ಪನ ಮುಖ ತೋರಿಸಿ."

ಪಾಪ, ಇನ್ನೇನು ಕೇಳಿಯಾರು! ಆಕೆ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕ್ಯಾಪ್ಟನ್ ಖಲೀಲುಲ್ಲಾ ಮೈಸೂರು ಮಹಾರಾಜರ ಪಲ್ಟನ್ ಜೊತೆ ಬ್ರಿಟಿಷರ ಪರ ಯುದ್ಧಕ್ಕೆ ಸಿಂಗಾಪುರಕ್ಕೆ ಹೊರಟವರು, ವಾಪಸ್ ಬರಲಿಲ್ಲ. ಜಪಾನಿನವರಿಗೆ ಸೆರೆಸಿಕ್ಕರು, ಬ್ರಿಟಿಷರ ವಿರುದ್ಧ ಹೋರಾಡುವ ಆಜಾದ್ ಹಿಂದ್ ಫೌಜಿಗೆ ಸೇರಿದರು, ಬರ್ಮಾದ ಕಾಡಿನಲ್ಲಿ ತೀರಿಕೊಂಡರು. ಮಂಡಿ ಮೊಹಲ್ಲಾದ ಮನೆಗೆ ಪೊಲೀಸರು ವಿಚಾರಣೆಗೆ ಬಂದದ್ದೇ ತಡ, ಹೆದರಿದ ಅಜ್ಜ ಮಗನ ಫೋಟೋಗಳನ್ನೆಲ್ಲ ಹಂಡೆ ಒಲೆಗೆ ಹಾಕಿಬಿಟ್ಟರು. ಮೊನ್ನೆ ಸೌತ್ ಲೇಕ್ ಯೂನಿಯನ್ ಬಡಾವಣೆಯ ಆಫೀಸಿನಲ್ಲಿ ಊಟಕ್ಕೆ ಕೂತಾಗ ಸಂದೀಪ, "ನಮ್ಮ ತಾತಾನೂ ಅದೇ ಪಲ್ಟನ್. ಅಪ್ಪನ ಪೆಟ್ಟಿಗೇಲಿ ಆಫೀಸರ್‌ಗಳ ಗ್ರೂಪ್ ಫೋಟೋ ಇದೆಯಂತೆ" ಅಂದಿದ್ದ. ಆಕೆಯ ಮಗ ಶಫಿ ಅದನ್ನು ಮನೆಗೆ ಬಂದು ಹೇಳಿದ್ದೇ ಹೇಳಿದ್ದು, ಖುರ್ಷಿದಾಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಇವತ್ತು ಕಾರಿನಲ್ಲಿ ಬರುವಾಗಲೂ ಆ ಗಡಿಬಿಡಿಗೆ ಮಗನೇ ಸಿಕ್ಕಿದ. ಮೇಲಂಚು ಮಡಿಚಿಕೊಂಡ ಅವನ ದೊಡ್ಡ ಕಿವಿಯಲ್ಲಿ ಇಯರ್‌ಫೋನ್ ನಿಲ್ಲದೆ ಪದೇ ಪದೇ ಬೀಳುತ್ತಿತ್ತು. "ನಿನ್ನ ಅಬ್ಬಾದೂ ಅಲ್ಲ, ನನ್ನದೂ ಅಲ್ಲ. ಇದನ್ನ ಯಾವ ಅಂಗಡೀಲಿ ತಂದ್ಯೋ!" ಅಂತ ನಲವತ್ತಾರರ ಮಗನನ್ನು ರೇಗಿಸುತ್ತಲೇ ಬಂದಿದ್ದರು.

ದ್ವಾರಕಾನಾಥರು ಒಳಗೆ ಹೋಗಿ ಟವೆಲಿನಲ್ಲಿ ಸುತ್ತಿದ, ಫೋಟೋ ಅಂಟಿಸಿದ ರಟ್ಟನ್ನು ತಂದರು. "ಸಂದೀಪ ನನ್ನ ಒಂದು ಮಾತು ಕೇಳದೆ ನಿಮ್ಮನ್ನ ಕರೆದುಬಿಟ್ಟಮ್ಮಾ" ಅಂದರು, ಕೈಗೆ ಕೊಡುವ ಮುಂಚೆ.

ಖುರ್ಷಿದಾ ಕೆಳಗೆ ಅಚ್ಚಾಗಿದ್ದ ಹೆಸರುಗಳ ಮೇಲೆ ಬೆರಳಿಟ್ಟರು. ಎಡದಿಂದ ಎರಡನೆಯವರು ದ್ವಾರಕಾನಾಥರ ತಂದೆ, ಕ್ಯಾಪ್ಟನ್ ಚಂದ್ರಶೇಖರಯ್ಯ. ಮೂರನೆಯವರು ಕ್ಯಾಪ್ಟನ್ ಖಲೀಲುಲ್ಲಾ. ಬೆರಳು ಮೆಲ್ಲಗೆ ಮೇಲೆ ಹತ್ತಿತು. ಬೂಟು, ಬೆಲ್ಟು, ಎದೆಯ ಗುಂಡಿಗಳು, ಕಾಲರು. ಅದರ ಮೇಲೆ ಹೆಬ್ಬೆಟ್ಟಿನಷ್ಟಗಲ ಬಿಳಿ ರಟ್ಟು. ಮುಖವೇ ಇರಲಿಲ್ಲ.

"ಇದೇನ್ ರಾಯರೇ?"

"ಸಿಂಗಾಪುರದ ಸೆರೆ ಶಿಬಿರದ ಮೈದಾನದಲ್ಲಿ ಎಲ್ರನ್ನೂ ನಿಲ್ಲಿಸಿ ಕೇಳಿದ್ರಂತೆ, ಯಾರು ಫೌಜಿಗೆ ಬರ್ತೀರಿ ಅಂತ. ನಿಮ್ಮಪ್ಪ ತಮ್ಮ ತುಕಡಿ ಕರ್ಕೊಂಡು ಆ ಕಡೆ ನಡೆದ್ರು. ನಮ್ಮಪ್ಪ, ಮಹಾರಾಜರ ಮುಂದೆ ಆಣೆ ಮಾಡಿದೀನಿ ಅಂತ ತಮ್ಮವರ ಜೊತೆ ಈ ಕಡೆ ನಿಂತ್ರು. ಒಂದೇ ತಟ್ಟೇಲಿ ಉಂಡವರಮ್ಮ ಇಬ್ರೂ. ಹೋಗೋವಾಗ ನಿಮ್ಮಪ್ಪ ಕೈ ಚಾಚಿದ್ರಂತೆ. ನಮ್ಮಪ್ಪ ಹಿಡೀಲಿಲ್ಲ." ದ್ವಾರಕಾನಾಥರು ಟವೆಲನ್ನು ಮಡಿಸಿದರು, ಬಿಚ್ಚಿದರು. "ಸೆರೆಯಿಂದ ಮನೆಗೆ ಬಂದ ದಿನವೇ ಆ ಮುಖಕ್ಕೆ ಮಸಿ ಬಳಿದ್ರು, ಅನ್ನದ ಋಣ ಮರೆತ ಅಂತ. ಎರಡು ವರ್ಷಕ್ಕೆ ಸ್ವಾತಂತ್ರ್ಯ ಬಂತಲ್ಲ, ಊರ ತುಂಬ ನಿಮ್ಮಪ್ಪನಂಥವರಿಗೆ ಜೈಕಾರ. ಅವತ್ತು ನಮ್ಮಪ್ಪ ಬಾಗಿಲು ಹಾಕ್ಕೊಂಡು ಕೂತು, ಬ್ಲೇಡ್‌ನಲ್ಲಿ ಆ ಮಸಿ ಕೆರೆದ್ರು. ಕ್ಷಮಿಸೋ ಖಲೀಲ್, ಕ್ಷಮಿಸೋ ಅಂತ ಅಳ್ತಾ ಅಳ್ತಾ ಕೆರೆದ್ರು. ಮಸಿಯ ಜೊತೆ ಮುಖಾನೂ ಎದ್ದುಬಂತು."

ಖುರ್ಷಿದಾ ಫೋಟೋವನ್ನು ಅವರ ಕಡೆ ತಿರುಗಿಸಿದರು. "ನಮ್ಮಜ್ಜ ಹೆದರಿ ಸುಟ್ರು, ನಿಮ್ಮಪ್ಪ ಅಳ್ತಾ ಕೆರೆದ್ರು. ಎಲ್ರೂ ಸೇರಿ ನನಗೇನು ಉಳಿಸಿದ್ರಿ?" ಅಂದರು. ಆಮೇಲೆ ಮುಂದಕ್ಕೆ ಬಾಗಿದರು. "ಅಪ್ಪ ಸಿಂಗಾಪುರಕ್ಕೆ ಹೊರಟಾಗ ನಿಮಗೆ ಐದು ವರ್ಷ ಅಲ್ವಾ? ನೀವು ನೋಡಿದೀರಿ. ಹ್ಯಾಗಿದ್ರು? ಮೂಗು? ಕಣ್ಣು? ಏನಾದ್ರೂ ಹೇಳಿ ರಾಯರೇ, ನಿಮಗೆ ಕೈ ಮುಗೀತೀನಿ."

"ಎಲ್ಲಿ ನೋಡಿದ್ದೆ ತಾಯೀ!" ಅಂದರು ಎಪ್ಪತ್ತೆಂಟರ ರಾಯರು. "ನಿಮ್ಮಪ್ಪ ನಮ್ಮ ಮನೆಗೆ ಬಂದ ತಕ್ಷಣ ನನ್ನ ಎತ್ತಿ ಹೆಗಲ ಮೇಲೆ ಕೂರಿಸ್ಕೊಳ್ಳೋರು. ಆಮೇಲೆ ಊರೆಲ್ಲ ಸುತ್ತಾಟ. ಮೇಲೆ ಕೂತವನಿಗೆ ಮುಖ ಎಲ್ಲಿ ಕಾಣುತ್ತೆ? ಬೀಳಬಾರದು ಅಂತ ಎರಡೂ ಕಿವಿ ಭದ್ರವಾಗಿ ಹಿಡ್ಕೊಂಡಿರ್ತಿದ್ದೆ. ಅದೊಂದೇ ಜ್ಞಾಪಕ. ಇಷ್ಟು ದೊಡ್ಡ ಕಿವಿ. ವೀಳ್ಯದೆಲೆ ಅಂಚು ಮಡಿಸ್ತೀವಲ್ಲ, ಹಾಗೆ ಮೇಲುಗಡೆ ಮಡಿಚಿಕೊಂಡಿರೋವು."

ಖುರ್ಷಿದಾ ಫೋಟೋವನ್ನು ಮೇಜಿನ ಮೇಲಿಟ್ಟು ಎದ್ದರು. ಶಫಿ ಸೋಫಾದಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಹಿಂದೆ ಹೋಗಿ ನಿಂತು ಎರಡೂ ಕಿವಿಗಳನ್ನು ಹಿಡಿದುಕೊಂಡರು. ಹಿಡಿದವರು ಬಿಡಲೇ ಇಲ್ಲ.

"ಅಮ್ಮೀ, ಬಿಡಿ, ಎಲ್ರೂ ನೋಡ್ತಿದಾರೆ" ಅಂದ ಶಫಿ.

"ಸುಮ್ನಿರೋ," ಅಂದರು ಖುರ್ಷಿದಾ, ಕಣ್ಣು ಮುಚ್ಚಿಕೊಂಡೇ. "ಬಿಟ್ರೆ ಬಿದ್ದುಬಿಡ್ತೀನಿ."