ಮೂರು ವರದಿಗಳ ಸಾಮ್ರಾಜ್ಯ

ಬೆನ್ನು ತಟ್ಟಿದ ಕೈ ಬೆನ್ನಿನ ಮೇಲೇ ಉಳಿಯಿತು. ಎಡಭುಜದಿಂದ ಹೊರಟು, ಅಂಗಿಯ ಮೇಲೇ ಓರೆಯಾಗಿ ಬಲಸೊಂಟದತ್ತ ಇಳಿಯಿತು. ನಾಣಿ ಹುಡುಕುತ್ತಿದ್ದದ್ದು ಜನಿವಾರ. ಸಿಕ್ಕಿದ್ದು ಬರೀ ಬೆನ್ನುಮೂಳೆ.

"ಬಾರಪ್ಪ ಒಳಗೆ, ಚಳಿ," ಎಂದು ನಾಣಿ ಕೈ ತೆಗೆದ.

ವಿಶ್ವಾಸ್‌ಗೆ ಚಳಿಯಾಗುತ್ತಿರಲಿಲ್ಲ. ಬೆವರುತ್ತಿದ್ದ.

೨೦೧೭ರ ಜನವರಿ, ಶನಿವಾರ ಮಧ್ಯಾಹ್ನ. ಅಮೆರಿಕದ ಮಿಲ್ ಕ್ರೀಕ್‌ನ ಅನಂತಪದ್ಮನಾಭರ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಮೌರ್ಯ ಸಾಮ್ರಾಜ್ಯ ನಡೆಯುತ್ತಿತ್ತು. ತಿಂಗಳಿಗೊಮ್ಮೆ, ಊಟ ಸಮೇತ. ಅಧ್ಯಯನ ಮಂಡಲಿ ಎಂದು ಅದರ ಹೆಸರು. ಅಧ್ಯಯನ ಮಾಡಿ ಬಂದು ಮಾತಾಡುವವರು ಅನಂತಪದ್ಮನಾಭರೊಬ್ಬರೇ. ಉಳಿದ ಹನ್ನೆರಡು ಮಂದಿ ತಲೆಯಾಡಿಸುವ ಪ್ರಜೆಗಳು.

ಟೋಟೆಮ್ ಲೇಕ್‌ನ ಆಫೀಸಿನಲ್ಲೂ ಅವರೇ ಡೈರೆಕ್ಟರು. ವಿಶ್ವಾಸ್‌ನ ಕಾಂಟ್ರ್ಯಾಕ್ಟ್ ಫೆಬ್ರವರಿಗೆ ಮುಗಿಯುತ್ತಿತ್ತು. ಪರ್ಮನೆಂಟ್ ಆಗದಿದ್ದರೆ ವೀಸಾ ನಿಯಮದಂತೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ಆ ಅರವತ್ತನೆಯ ದಿನದ ಆಸುಪಾಸಿನಲ್ಲೇ ಹೆಂಡತಿ ಶಾಲಿನಿಗೆ ಡೆಲಿವರಿ ಡೇಟ್. ಪರ್ಮನೆಂಟ್ ಆದವರ ಪಟ್ಟಿಯಲ್ಲಿ ಮಂಡಲಿಯ ಹೊರಗಿನ ಕನ್ನಡದ ಹೆಸರು ಇದುವರೆಗೆ ಬಂದಿರಲಿಲ್ಲ. ಆಕಸ್ಮಿಕ ಎನ್ನುತ್ತಿತ್ತು ಎಚ್‌ಆರ್. ಎಚ್‌ಆರ್‌ಗೆ ಜನಿವಾರ ಎಂದರೆ ಯೋಗದ ಸಾಮಾನು.

ಮಂಡಲಿಗೆ ಬರುವ ಹೊಸಬರನ್ನು ಮೂವರು ಗೂಢಚಾರರು ಪರೀಕ್ಷಿಸುತ್ತಾರೆ ಎಂಬುದು ಆಫೀಸಿಗೆಲ್ಲ ಗೊತ್ತಿದ್ದ ಗುಟ್ಟು. ಅದೂ ಮೌರ್ಯರದೇ ಪದ್ಧತಿ. ಒಬ್ಬ ಗೂಢಚಾರನ ಸುಳಿವು ಇನ್ನೊಬ್ಬನಿಗಿರಬಾರದು. ಮೂವರ ವರದಿಯೂ ಒಂದೇ ಆದರೆ ಅದು ಸತ್ಯ. ನಾಣಿ ಮೊದಲನೆಯವನು. ಇನ್ನಿಬ್ಬರು ಬಾಕಿ.

ಊಟಕ್ಕೆ ಮುಂಚೆ ಉಪನ್ಯಾಸ. ಮೌರ್ಯರಲ್ಲಿ ಉಪ್ಪಿಗೊಬ್ಬ ಅಧ್ಯಕ್ಷ, ಹೆಂಡಕ್ಕೊಬ್ಬ ಅಧ್ಯಕ್ಷ, ನೂಲಿಗೂ ಒಬ್ಬ. ಕಕ್ಕಸು ಬಳಿಯುವವರ ಅಧ್ಯಕ್ಷ ಯಾರೆಂದು ಯಾರೂ ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಅಂಥ ಪ್ರಶ್ನೆ ಶೋಭಿಸುವುದಿಲ್ಲ. ಗೋಡೆಯ ಮೇಲೆ ನಗರದ ನಕ್ಷೆ ಮೂಡಿತು. ಬ್ರಾಹ್ಮಣರಿಗೆ ಉತ್ತರ ದಿಕ್ಕು. ಚಾಂಡಾಲರಿಗೆ ಸ್ಮಶಾನದ ಆಚೆ.

"ಇದನ್ನ ತಪ್ಪು ತಿಳ್ಕೋಬಾರದು. ಇದು ಝೋನಿಂಗ್. ಮಿಲ್ ಕ್ರೀಕ್‌ನಲ್ಲೂ ಇದೆಯಲ್ಲ," ಎಂದರು ಅನಂತಪದ್ಮನಾಭ.

ಹನ್ನೆರಡು ತಲೆಗಳು ಆಡಿದವು. ವಿಶ್ವಾಸ್‌ನದು ಹದಿಮೂರನೆಯದು.

ಎಲೆ ಹಾಕಿದರು. ಎಲೆಯ ಸುತ್ತ ನೀರು ಕಟ್ಟುವುದನ್ನು ಅವನು ಯೂಟ್ಯೂಬಿನಲ್ಲಿ ನೋಡಿ ಕಲಿತು ಬಂದಿದ್ದ. ಗಾಬರಿಯಲ್ಲಿ ಅಪ್ರದಕ್ಷಿಣೆಯಾಗಿ ಕಟ್ಟಿದ. ಬಡಿಸುತ್ತಿದ್ದ ಮಂಡಲಿಯ ಕೌಸಲ್ಯಾಳ ಸೌಟು ಅರೆಗಳಿಗೆ ನಿಂತಿತು.

ನಿಜವಾದ ತಪ್ಪು ಆದದ್ದು ಕೈ ತೊಳೆಯಲು ಹೋದಾಗ. ಯಾವುದೋ ಯೋಚನೆಯಲ್ಲಿ ಲೋಟವನ್ನೂ ತೊಳೆದ. ಹಿಂಬಾಗಿಲು ತೆರೆದು ಹೊರಗೆ ಮೆಟ್ಟಿಲ ಮೇಲೆ ಬೋರಲಿಟ್ಟ. ಚಾಮರಾಜನಗರದ ಕಡೆಯ ಅಜ್ಜಿಯ ಊರಿನ ಹೋಟೆಲಿನಲ್ಲಿ, ತಮ್ಮ ಕೇರಿಯವರು ಕುಡಿದ ಲೋಟ ಇರುತ್ತಿದ್ದದ್ದು ಹಾಗೆ, ಅಲ್ಲೇ. ತಲೆ ಮರೆತಿತ್ತು. ಕೈ ಮರೆತಿರಲಿಲ್ಲ.

ತಿರುಗಿದರೆ ಕೌಸಲ್ಯಾ.

"ಲೋಟ ಹೊರಗಿಡೋದು ಯಾರು ಕಲಿಸಿದ್ರು ನಿಮಗೆ?"

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಕೆ ಬಗ್ಗಿ ಲೋಟ ಎತ್ತಿಕೊಂಡಳು, ಒಳಗೆ ತಂದು ಉಳಿದ ಲೋಟಗಳ ಸಾಲಿಗೆ ಸೇರಿಸಿ ಹೊರಟುಹೋದಳು.

ಮೂರನೆಯವಳು ಅಲಮೇಲು. ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರಲ್ಲಿ ಮೆಂಬರ್‌ಶಿಪ್ ಫಾರ್ಮು. ಗೋತ್ರ ಕೇಳಿದಳು. ಭಾರದ್ವಾಜ ಎಂದ, ಕಾರಿನಲ್ಲಿ ಹತ್ತು ಸಲ ಉರು ಹೊಡೆದಿದ್ದ. ಊರು ಮೈಸೂರು ಎಂದ. ಸರಾಗವಾಗಿ ಹೋಗುತ್ತಿತ್ತು.

"ತಾತನ ಹೆಸರು?"

"ಮಂಟಯ್ಯ."

ಬಾಯಿಂದ ಬಿದ್ದುಹೋಗಿತ್ತು. ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯನ ಹೆಸರು ಅಷ್ಟು ಸುಲಭವಾಗಿ ಸುಳ್ಳಾಗುವುದಿಲ್ಲ. ಅಲಮೇಲುವಿನ ಬೆರಳುಗಳು ನಿಂತವು. ಕಣ್ಣೆತ್ತಿ ಅವನನ್ನು ನೋಡಿದಳು. ಆಮೇಲೆ ಟೈಪ್ ಮಾಡಿದಳು. ಅಷ್ಟು ಚಿಕ್ಕ ಹೆಸರಿಗೆ ಬಹಳ ಹೊತ್ತು ಮಾಡಿದಳು.

ಮುಗಿಯಿತು. ಶಾಲಿನಿಗೆ ಹೇಗೆ ಹೇಳುವುದು, ಟಿಕೆಟ್ ಯಾವ ವಾರಕ್ಕೆ ಮಾಡುವುದು, ತುಂಬು ಬಸುರಿಯನ್ನು ವಿಮಾನ ಹತ್ತಿಸುತ್ತಾರೋ ಇಲ್ಲವೋ. ವಿಶ್ವಾಸ್ ಬಾಗಿಲ ಬಳಿ ಶೂ ಎಲ್ಲಿದೆ ಎಂದು ನೋಡಿಕೊಂಡ.

ಅಷ್ಟರಲ್ಲಿ ಮೂರು ಮಡಚಿದ ಚೀಟಿಗಳು ಸಾಮ್ರಾಟರ ಕೈ ಸೇರಿದ್ದವು. ಗೂಢ ವರದಿಗಳನ್ನು ತುಂಬಿದ ಸಭೆಯಲ್ಲಿ ಓದುವುದು ಮೌರ್ಯರ ಕಾಲದಲ್ಲಿ ಇರಲಿಲ್ಲ. ಅದು ಅನಂತಪದ್ಮನಾಭರ ಸುಧಾರಣೆ.

ಕನ್ನಡಕ ಏರಿಸಿ ಓದಿದರು. ಮೊದಲನೆಯದು: ಜನಿವಾರ ಇದೆ. ಎರಡನೆಯದು: ಆಚಾರವಂತರ ಮನೆಯ ಹುಡುಗ. ಮೂರನೆಯದು: ಭಾರದ್ವಾಜ ಗೋತ್ರ, ತಾತ ಬದರಿನಾಥ ಘನಪಾಠಿಗಳು.

ವಿಶ್ವಾಸ್‌ನ ಮಟ್ಟಿಗೆ ಆ ಘನಪಾಠಿಗಳು ಹುಟ್ಟಿದ್ದು ಆ ಕ್ಷಣದಲ್ಲಿ.

"ನೋಡಿ, ಮೂರೂ ತಾಳೆ ಆಯ್ತು," ಎಂದರು ಅನಂತಪದ್ಮನಾಭ. "ಒಂಬತ್ತು ವರ್ಷ. ಹೊರಗಿನೋನು ಒಬ್ಬನೂ ಈ ಬಾಗಿಲು ದಾಟಿಲ್ಲ. ಅಡ್ಮಿನಿಸ್ಟ್ರೇಷನ್ ಅಂದ್ರೆ ಇದು."

ಸೋಮವಾರ ಆಫೀಸಿನಲ್ಲಿ ಬಂದು ಕಾಣಬೇಕೆಂದು ವಿಶ್ವಾಸ್‌ಗೆ ಅಪ್ಪಣೆಯಾಯಿತು. ಸಾಮ್ರಾಟರು ಕೌಸಲ್ಯಾಳಿಂದ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡು, ಇಂಥ ಮಡಿಯ ಕೈ ಅಮೆರಿಕದಲ್ಲಿ ಬೇರೆ ಇಲ್ಲ ಎಂದು ಚಪ್ಪರಿಸಿದರು. ಮುಂದಿನ ತಿಂಗಳು ಟೀಮಿನ ವಸಂತಲಕ್ಷ್ಮಿ ಎಂಬಾಕೆ ಬರುತ್ತಾರೆ, ಆಕೆಯ ಮೇಲಿನ ಮೂರು ವರದಿಗಳಲ್ಲಿ ಒಂದು ನಿಮ್ಮದು ಎಂದು ವಿಶ್ವಾಸ್‌ನ ಕಿವಿಯಲ್ಲಿ ಹೇಳಿದರು.

ಹೊರಗೆ ನಾಣಿಯ ಕಾರಿನ ಹಿಂದಿನ ಸೀಟಿನಲ್ಲಿ, ಪರಸ್ಪರ ಸುಳಿವೇ ಇರಬಾರದ ಕೌಸಲ್ಯಾ ಮತ್ತು ಅಲಮೇಲು ಒಂದೇ ಡಬ್ಬಿಯಿಂದ ಚಕ್ಕುಲಿ ತಿನ್ನುತ್ತಿದ್ದರು. ವಿಶ್ವಾಸ್ ಮೂವರ ಮುಖವನ್ನೂ ನೋಡಿದ. ಕೇಳಬೇಕೆಂದಿದ್ದ ಪ್ರಶ್ನೆ ಗಂಟಲಲ್ಲೇ ಉತ್ತರವಾಯಿತು. ಇನ್ನೊಂದು ಉಳಿದಿತ್ತು.

"ಆ ವಸಂತಲಕ್ಷ್ಮಿ ನಿಜವಾಗ್ಲೂ ಅವರ ಜಾತಿಯವರೇ ಆಗಿದ್ರೆ?"

"ಆಗ್ಲಿ ಬಿಡಪ್ಪ," ಎಂದ ನಾಣಿ, "ಒಂಬತ್ತು ವರ್ಷದಿಂದ ಇಡೀ ಮಂಡಲಿಗೆ ಅವರೊಬ್ಬರೇ ಬ್ರಾಹ್ಮಣ, ಪಾಪ, ಒಂದು ಜೊತೆಯಾದ್ರೂ ಸಿಗುತ್ತೆ."