ಮೊಲದ ಕಣ್ಣು

ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿ, ಅಂಗೈಗೆ ತುಪ್ಪ ಸವರಿಕೊಂಡು, ಬಸವಲಿಂಗಮ್ಮ ಅದರಿಂದ ಎರಡು ಉದ್ದನೆಯ ಕಿವಿ ಎಳೆದರು. ಬಾಲಕ್ಕೆ ತೆಂಗಿನಕಾಯಿಯ ಒಂದು ಚೂರು. ಮುಖಕ್ಕೆ ಎರಡು ಕರಿಮೆಣಸಿನ ಕಾಳು ಒತ್ತಿದರು. ಸುತ್ತಲೂ ಸೊಪ್ಪಿನ ಪಲ್ಯವನ್ನು ಹುಲ್ಲಿನ ಹಾಗೆ ಹರಡಿದರು. ತಟ್ಟೆಯಲ್ಲಿ ಒಂದು ಮೊಲ ಮೇಯುತ್ತಾ ಕೂತಿತ್ತು.

“ಏನತ್ತೆ ಇದು, ಈಗ್ಲೇ ಗೊಂಬೆ ಕೂರಿಸ್ತಾ ಇದೀರಾ?” ಸೊಸೆ ಉಮಾಮಹೇಶ್ವರಿಗೆ ನಗು ಬಂತು.

“ನಗ್ತೀಯಾ, ನಗು. ಹಬ್ಬ ಕಳೆದು ಆಸ್ಪತ್ರೆಯಲ್ಲಿ ಅಳೋದು ಬೇಡ.”

ದಡಾರ ಬಂದು ಹೋದಮೇಲೆ ಐದು ವರ್ಷದ ಮೊಮ್ಮಗಳು ದಾಕ್ಷಾಯಿಣಿ ಬಿಳಿ ಅನ್ನ, ಮೊಸರು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮುದ್ದೆ ಕಪ್ಪು, ಸೊಪ್ಪು ಕೊಳಕು ಎನ್ನುತ್ತಿದ್ದಳು. ಗುಬ್ಬಿಯಿಂದ ತುಮಕೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ ಎಂದಿದ್ದರು. ರಾಗಿ, ಸೊಪ್ಪು ಹೊಟ್ಟೆಗೆ ಹೋಗಲಿ. ಗೌರಿಹಬ್ಬ ಕಳೆದ ಮೇಲೂ ಹೀಗೇ ಇದ್ದರೆ ಅಡ್ಮಿಟ್ ಮಾಡಿ ರಕ್ತ ಏರಿಸಬೇಕಾಗುತ್ತದೆ ಎಂದು ಹೇಳಿ ಕಳಿಸಿದ್ದರು.

ದಾಕ್ಷಾಯಿಣಿ ಬಂದು ಮಣೆಯ ಮೇಲೆ ಕೂತವಳು ತಟ್ಟೆ ನೋಡಿ ಚಪ್ಪಾಳೆ ತಟ್ಟಿದಳು. “ಅಜ್ಜೀ, ಮೊಲ!” ಒಂದು ಬೆರಳಿನಿಂದ ಅದರ ಬೆನ್ನು ಸವರಿದಳು.

“ಚೆನ್ನಾಗಿದೆಯಾ? ತಿನ್ನು ಕಣವ್ವ.”

ಮಗುವಿನ ಬೆರಳು ಅಲ್ಲೇ ನಿಂತಿತು. “ತಿನ್ನೋದಾ? ಕಚ್ಚಿದ್ರೆ ಅದಕ್ಕೆ ನೋಯಲ್ವಾ?”

“ಮುದ್ದೇನ ಯಾರಾದ್ರೂ ಕಚ್ತಾರೇನೇ? ನುಂಗೋದು.”

“ಜೀವ ಇದ್ದಂಗೇ ನುಂಗೋದಾ?” ದಾಕ್ಷಾಯಿಣಿ ಕೈ ಹಿಂದಕ್ಕೆ ಎಳೆದುಕೊಂಡಳು. “ಕಣ್ಣಿರೋದನ್ನ ನಾವು ತಿನ್ನಲ್ಲ ಅಂತ ನೀನೇ ಹೇಳಿದ್ದೆ.”

ಹೇಳಿದ್ದು ನಿಜ. ಯುಗಾದಿಯ ಮಾರನೆಯ ದಿನ ಪಕ್ಕದ ಮನೆಯ ಚಿಕ್ಕಗಂಗಮ್ಮನ ಹುಂಜ ಕಾಣದಿದ್ದಾಗ ಮಗು ಅದೆಲ್ಲಿ ಎಂದು ಕೇಳಿತ್ತು. ಲಿಂಗಪೂಜೆಯಿಲ್ಲದೆ ನೀರನ್ನೂ ಕುಡಿಯದ ಬಸವಲಿಂಗಮ್ಮ, ತಮ್ಮ ಮನೆಯ ನೇಮವನ್ನು ಮಗುವಿಗೆ ತಿಳಿಯುವಂತೆ ಅಂದು ಅಷ್ಟೇ ಮಾತಿನಲ್ಲಿ ಹೇಳಿ ಮುಗಿಸಿದ್ದರು.

“ಆಯ್ತು, ಕಣ್ಣು ತೆಗೆದುಬಿಡ್ತೀನಿ ಬಿಡು,” ಎಂದು ಕೈ ಚಾಚಿದರು.

“ಬೇಡಾ! ಕುರುಡಾಗುತ್ತೆ!” ಮಗು ಎರಡೂ ಕೈಯಲ್ಲಿ ಮೊಲವನ್ನು ಮುಚ್ಚಿಕೊಂಡಿತು.

“ನೋಡಿದ್ರಾ ಅತ್ತೆ? ಬರೀ ಮುದ್ದೆ ಆಗಿದ್ರೆ ಬೇಡ ಅಂತಿದ್ಲು ಅಷ್ಟೆ. ಈಗ ಪಾಪಾನೂ ಸುತ್ಕೊಂಡ್ತು,” ಎಂದಳು ಉಮಾಮಹೇಶ್ವರಿ. ಈ ಸಲ ಅವಳು ನಗಲಿಲ್ಲ.

ಬಸವಲಿಂಗಮ್ಮ ಮಣೆಯ ಪಕ್ಕಕ್ಕೆ ಸರಿದು ಕೂತರು. ಆಮೇಲೆ ಕೇಳಿದರು: “ದಾಕ್ಷಿ, ಮನೆಗೆ ಬಂದೋರಿಗೆ ಊಟ ಹಾಕ್ದೆ ನಾವು ಉಣ್ತೀವಾ?”

“ಇಲ್ಲ.”

“ಮತ್ತೆ ಇದು ಬಂದು ಎಷ್ಟೊತ್ತಾಯ್ತು? ಕೇಳೋರೇ ಇಲ್ವಲ್ಲ.”

ಮಗು ಅವಸರದಿಂದ ಒಂದಿಷ್ಟು ಸೊಪ್ಪು ತೆಗೆದು ಮೊಲದ ಬಾಯಿಗೆ ಹಿಡಿಯಿತು. ಕಾದು ನೋಡಿತು. “ತಿಂತಾನೇ ಇಲ್ಲ ಅಜ್ಜಿ.”

“ಹೊಸಬರ ಮನೆ ಅಲ್ವಾ, ನಾಚ್ಕೆ. ಜೊತೆಗೆ ನೀನೂ ಕೂತು ಉಂಡ್ರೆ ಉಣ್ಣುತ್ತೆ.”

ಪಾತ್ರೆಯಲ್ಲಿ ಉಳಿದಿದ್ದ ಮುದ್ದೆಯನ್ನು ಇನ್ನೊಂದು ತಟ್ಟೆಗೆ ಹಾಕಿದರು. ಕಿವಿಯಿಲ್ಲ, ಬಾಲವಿಲ್ಲ, ಸಣ್ಣ ಸಣ್ಣ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿಟ್ಟರು. ದಾಕ್ಷಾಯಿಣಿ ಮೊಲವನ್ನು ನೋಡಿದಳು, ಒಂದು ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿ ನುಂಗಿದಳು. “ನೋಡು, ಹಿಂಗೆ. ಏನೂ ಆಗಲ್ಲ,” ಎಂದು ಅದಕ್ಕೆ ಹೇಳಿಕೊಟ್ಟಳು. ಸೊಪ್ಪನ್ನೂ ಹಾಗೆಯೇ ತಿಂದು ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ಉಮಾಮಹೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡಳು, ಉಸಿರು ಬಿಟ್ಟರೆ ಮಗು ನಿಲ್ಲಿಸಿಬಿಡುತ್ತದೇನೋ ಎಂಬಂತೆ.

ತನ್ನ ತಟ್ಟೆ ಖಾಲಿಯಾದ ಮೇಲೆ ಮಗು ಮೊಲದ ಕಿವಿಯಲ್ಲಿ ಏನೋ ಪಿಸುಗುಟ್ಟಿ ಎದ್ದಿತು. “ಅಜ್ಜಿ, ಅದು ಉಂಡ್ಮೇಲೆ ಕಳಿಸ್ಕೊಡು. ನಾಳೇನೂ ಬರಕ್ಕೇಳು.”

ಆ ಮನೆಯಲ್ಲಿ ತಟ್ಟೆಗೆ ಬಂದದ್ದು ಪ್ರಸಾದ; ಚೆಲ್ಲುವಂತಿರಲಿಲ್ಲ. ಉಮಾಮಹೇಶ್ವರಿ ಹಿತ್ತಲಲ್ಲಿ ಪಾತ್ರೆ ತೊಳೆದು ಒಳಗೆ ಬಂದಾಗ ಅತ್ತೆ ಇನ್ನೂ ಮೊಲದ ಮುಂದೆಯೇ ಕೂತಿದ್ದರು. ಮುದ್ದೆ ಆರಿ ಗಟ್ಟಿಯಾಗಿತ್ತು. ಅವರ ಕೈ ಅದರ ಕಿವಿಯವರೆಗೆ ಹೋಗಿ ಹಿಂದಕ್ಕೆ ಬಂತು. ತಟ್ಟೆಯನ್ನು ತುಸು ತಿರುಗಿಸಿ ಮತ್ತೆ ಕೈ ಚಾಚಿದರು; ಮತ್ತೆ ತೆಗೆದರು.

“ಯಾಕತ್ತೆ, ಇನ್ನೂ ಉಣ್ಣಲಿಲ್ವಾ?”

“ಉಣ್ತೀನಿ ಕಣಮ್ಮ,” ಎಂದು ಬಸವಲಿಂಗಮ್ಮ ತಟ್ಟೆಯನ್ನು ಸೊಸೆಯ ಕಡೆ ಸರಿಸಿದರು. “ಮೊದಲು ಆ ಕಣ್ಣೆರಡನ್ನ ನೀನು ತೆಗೆದುಬಿಡು.”